ಮೊದಲ ಬಿಲ್ಲು ಮಕ್ಕಳ ಕೈಯಲ್ಲೇ ಆಗಲಿ

ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇಗುಲ 1112ರದ್ದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿತು. ಅಲ್ಲಿಗೆ ಹೋದವರೆಲ್ಲ ಕಂಬಗಳ ನುಣುಪು ಕಂಡು, ಈ ಕಲ್ಲನ್ನು ಹೀಗೆ ಕಡೆದವರು ಯಾರಿರಬಹುದು ಎಂದು ಬೆರಗಾಗುತ್ತಾರೆ. ಕಟ್ಟಿಸಿದವನು ದಂಡನಾಯಕ ಎಂಬುದನ್ನು ನೆನೆದರೆ ಇನ್ನೊಂದು ಪ್ರಶ್ನೆಯೂ ಏಳಬೇಕು: ಆ ಕಾಲದ ಬಿಲ್ಲಾಳುಗಳಿಗೆ ಬಿಲ್ಲು ಮಾಡಿಕೊಟ್ಟವರ ವಿದ್ಯೆ ಏನಾಯಿತು? ಕಲ್ಲು ಉಳಿಯಿತು, ಮರ ಉಳಿಯಲಿಲ್ಲ. ನಾಡಿನ ವೀರಗಲ್ಲುಗಳಲ್ಲಿ, ಹಂಪಿಯ ಹಜಾರರಾಮ ಗುಡಿಯ ಗೋಡೆಯಲ್ಲಿ, ಬೇಲೂರಿನ ಬೇಟೆಗಾರ್ತಿ ಮದನಿಕೆಯ ಕೈಯಲ್ಲಿ ಬಿಲ್ಲಿನ ಆಕಾರವೇನೋ ಇದೆ. ಆದರೆ ಯಾವ ಮರ, ಎಷ್ಟು ದಪ್ಪ, ಯಾವ ಮಗ್ಗುಲನ್ನು ಕೆತ್ತಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಶಿಲ್ಪ ಹೇಳುವುದಿಲ್ಲ. ಅದು ಕೈಯಲ್ಲಿದ್ದ ವಿದ್ಯೆ, ಕೈ ಬಿಟ್ಟಾಗ ಹೋಯಿತು. ಮತ್ತೆ ಬರುವುದಾದರೆ ಕೈಯಿಂದಲೇ ಬರಬೇಕು. ಅದಕ್ಕಾಗಿಯೇ ಈ ಮಾತು: ಕೊಪ್ಪಳ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಬಿಲ್ಲುಗಾರಿಕೆ ಶುರುವಾಗುವುದಾದರೆ ಮೊದಲ ಬಿಲ್ಲು ಅಂಗಡಿಯಿಂದ ಬರಬಾರದು. ಊರಿನ ಬಡಿಗೇರರ, ಮೇದಾರರ ಪಕ್ಕದಲ್ಲಿ ಕೂತು ಮಕ್ಕಳೇ ಅದನ್ನು ಮಾಡಬೇಕು.

ಇದು ಹೊಸ ಹುಚ್ಚೇನಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ವರ್ಷಗಟ್ಟಲೆ ಓದಿಸಿದ ಎನ್‌ಸಿಇಆರ್‌ಟಿಯ 9ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ಇದೆ. ಅದರಲ್ಲಿ ಬಿದಿರಿನ ಕಡ್ಡಿಯಿಂದ ಬಿಲ್ಲು ಮಾಡಿ, ಹಗುರ ಕಡ್ಡಿಯನ್ನು ಹೂಡಿ ಬಿಡುವ ಚಟುವಟಿಕೆಯೊಂದಿದೆ. ಬಾಗಿದ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಬಾಣದ ಚಲನೆಯಾಗುವುದನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂಬುದು ಅದರ ಉದ್ದೇಶ. ಎಷ್ಟೋ ಕಡೆ ಆ ಚಟುವಟಿಕೆ ನೋಟ್‌ಬುಕ್ಕಿನ ಚಿತ್ರದಲ್ಲೇ ಮುಗಿಯುತ್ತದೆ. ಅದನ್ನು ನಿಜಕ್ಕೂ ಮಾಡಿದರೆ ಪಾಠ ಅಲ್ಲಿಗೇ ನಿಲ್ಲುವುದೂ ಇಲ್ಲ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಹೆದೆ ಸಿಕ್ಕಿಸಿ ಒಂದೊಂದೇ ಇಂಚು ಎಳೆಯುತ್ತ, ಪ್ರತಿ ಇಂಚಿಗೆ ಎಷ್ಟು ಕೆ.ಜಿ. ಎಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಆ ಗೆರೆಯ ಕೆಳಗಿನ ಜಾಗವೇ ಬಿಲ್ಲು ಕೂಡಿಟ್ಟ ಶಕ್ತಿ. ಬಿಲ್ಲಿನ ಪಟ್ಟಿಯ ಅಗಲವನ್ನು ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಬಿಗಿಯೂ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಅಷ್ಟೇ ಪಾಲನ್ನು ದಪ್ಪದಲ್ಲಿ ತೆಗೆದರೆ ಬಿಗಿ ಶೇ 27ರಷ್ಟು ಕುಸಿಯುತ್ತದೆ, ಏಕೆಂದರೆ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 10 ಮಿ.ಮೀ. ಪಟ್ಟಿಯಿಂದ ಒಂದೇ ಒಂದು ಮಿ.ಮೀ. ಹೆರೆದ ಹುಡುಗಿಗೆ ಘನ ಎಂದರೇನು ಎಂದು ಮತ್ತೆ ಹೇಳಿಕೊಡಬೇಕಾಗಿಲ್ಲ. ಅವಳ ತೋಳಿಗೇ ಅದು ತಿಳಿದಿರುತ್ತದೆ.

ಬಿಲ್ಲು ಮಾಡುವುದರಲ್ಲಿ ಕಷ್ಟವಾದದ್ದು ಕೆತ್ತುವುದಲ್ಲ, ಎರಡು ತೋಳುಗಳನ್ನು ಒಂದೇ ಸಮ ಬಾಗಿಸುವುದು. ಬಾಣ ಹಾರುವ ಕಡೆಗಿರುವ ಮೈ, ಅಂದರೆ ಬಿಲ್ಲಿನ ಬೆನ್ನು, ಎಳೆದಾಗ ಹಿಗ್ಗುತ್ತದೆ. ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಮರ ಮುರಿಯುವುದು ಹೆಚ್ಚಾಗಿ ಬೆನ್ನಿನಿಂದ. ಆದ್ದರಿಂದ ಬೆನ್ನಿನ ಎಳೆ ಕಡಿಯಬಾರದು ಎಂಬುದು ಮೊದಲ ನಿಯಮ. ಬಿದಿರಿನಲ್ಲಿ ಈ ನಿಯಮ ಪಾಲಿಸುವುದು ಸುಲಭ: ಗಟ್ಟಿ ನಾರೆಲ್ಲ ಹೊರ ಸಿಪ್ಪೆಯ ಒತ್ತಿನಲ್ಲೇ ಇರುತ್ತದೆ, ಆ ಹೊಳಪಿನ ಮೈಯನ್ನು ಹಾಗೇ ಬೆನ್ನಾಗಿ ಬಿಟ್ಟು ಒಳಮೈಯನ್ನು ಮಾತ್ರ ಹೆರೆಯುತ್ತ ಹೋದರಾಯಿತು. ಹೊಸಬರಿಗೆ ಬಿದಿರೇ ಸರಿ ಎನ್ನುವುದು ಇದಕ್ಕೇ. ಮಗುವಿನ ಎತ್ತರದಷ್ಟು ಉದ್ದ, ಹಿಡಿಯ ಬಳಿ ಒಂದೂವರೆ ಇಂಚು ಅಗಲ, ತುದಿಗೆ ಬರುವಷ್ಟರಲ್ಲಿ ಅರ್ಧ ಇಂಚು. ಮಚ್ಚು, ಬಾಚಿ, ಒಂದು ಒರಟು ಅರ, ಕೊನೆಗೆ ನಯ ಮಾಡಲು ಹರಿತವಾದ ಚಾಕು. ಆಮೇಲೆ ಸಡಿಲ ಹೆದೆ ಕಟ್ಟಿ, ಗೋಡೆಗೆ ಹೊಡೆದ ಗಟ್ಟಿ ಗೂಟದ ಮೇಲೆ ಬಿಲ್ಲಿನ ಹಿಡಿ ಕೂರಿಸಿ, ಒಬ್ಬರು ಹೆದೆಯನ್ನು ಸ್ವಲ್ಪವೇ ಎಳೆಯಬೇಕು, ಇನ್ನೊಬ್ಬರು ದೂರ ನಿಂತು ನೋಡಬೇಕು. ಎಡತೋಳು ದುಂಡಗೆ ಬಾಗಿ ಬಲತೋಳು ನಡುವೆ ಸೆಟೆದಿದ್ದರೆ, ಆ ಸೆಟೆದ ಜಾಗಕ್ಕೆ ಇದ್ದಿಲಿನ ಗುರುತು. ಗುರುತು ಹೋಗುವಷ್ಟು ಮಾತ್ರ ಹೆರೆದು, ಇಪ್ಪತ್ತು ಸಲ ಮೆಲ್ಲಗೆ ಎಳೆದು ಬಿಟ್ಟು, ಮತ್ತೆ ದೂರ ನಿಂತು ನೋಡಬೇಕು; ಹೆರೆದದ್ದರ ಫಲ ಮರದಲ್ಲಿ ತಕ್ಷಣ ಕಾಣುವುದಿಲ್ಲ. ಹೆಚ್ಚು ಬಾಗಿದ ಜಾಗವನ್ನು ಮುಟ್ಟುವಂತಿಲ್ಲ. ದೋಷ ಕಂಡದ್ದು ಒಂದು ಕಡೆ, ಉಳಿದ ಕಡೆಯೆಲ್ಲ ಹೆರೆದು ಅದನ್ನು ಸರಿದೂಗಿಸಬೇಕು. ತೆಗೆದದ್ದನ್ನು ಮತ್ತೆ ಅಂಟಿಸಲು ಬಾರದು. ಬೆರಳ ತುದಿಯಲ್ಲಿ ಅಳಿಸಿ ತಿದ್ದುವುದನ್ನೇ ಕಲಿತ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಕೊಡುವ ವಿಷಯ ಶಾಲೆಯ ಪಟ್ಟಿಯಲ್ಲಿ ಹೆಚ್ಚಿಲ್ಲ.

ಸಾಮಾನು ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಎರೆ-ಮಸಾರಿ ಸೀಮೆ ಇದು, ಮಲೆನಾಡಲ್ಲ. ಬಿಲ್ಲಿಗೆಂದು ಮರ ಕಡಿಸುವುದು ಪಾಪ ಎನ್ನುತ್ತಾರೆ. ಕಾಳಜಿ ಸರಿಯೇ. ಆದರೆ ಒಂದು ಬಲಿತ ಬಿದಿರಿನ ಗಳದಿಂದ ಹಲವು ಬಿಲ್ಲುಗಳಾಗುತ್ತವೆ, ಬುಡ ಉಳಿಸಿ ಕಡಿದರೆ ಮೆಳೆ ಮತ್ತೆ ಚಿಗುರುತ್ತದೆ. ಕಾಡಿನಾಚೆ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ರೈತರು ಬದುವಿನಲ್ಲಿ ಬಿದಿರು ಬೆಳೆಯುವುದಕ್ಕೆ ಇದರಿಂದ ದಾರಿಯಾಗಿದೆ. ಇನ್ನು ಹೆದೆ. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಅಧ್ಯಾಯ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಮೂಲಗಳನ್ನು ಹೇಳಿ, ಹೆದೆಯ ನಾರುಗಳಲ್ಲಿ ಎಕ್ಕವನ್ನೂ ಸಣಬನ್ನೂ ಎಣಿಸುತ್ತದೆ. ಎಕ್ಕ ನಮ್ಮ ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ ಯಾರೂ ಕೇಳದೆ ಬೆಳೆದು ನಿಂತಿದೆ. ಕಡ್ಡಿಯನ್ನು ಕಡಿದು ಒಣಗಿಸಿ, ತೊಗಟೆ ಸುಲಿದರೆ ಬೆಳ್ಳಗಿನ ರೇಷ್ಮೆಯಂಥ ನಾರು ಬರುತ್ತದೆ. ತೊಡೆಯ ಮೇಲೆ ಹೊಸೆದರೆ ಹುರಿಯಾಗುತ್ತದೆ. ಹಸಿ ಕಡ್ಡಿಯ ಹಾಲು ಕಣ್ಣಿಗೆ ಕೆಟ್ಟದ್ದು, ಆದ್ದರಿಂದ ಆ ಕೆಲಸ ದೊಡ್ಡವರು ಮಾಡಿಕೊಡಬೇಕು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದಕ್ಕೂ ಬೇಟೆಗೂ ಜಾಗ ಕೊಟ್ಟವನು. ಇಟಗಿ ದೇಗುಲ ಎದ್ದ ಕಾಲದ ದೊರೆಮನೆಯೇ ಬರೆದಿಡುವಷ್ಟು ಗೌರವ ಈ ವಿದ್ಯೆಗಿತ್ತು.

ಕೈಯಿಂದ ಮಾಡಿದ ಬಿಲ್ಲು ಹಿಡಿದು ಒಲಿಂಪಿಕ್ಸಿಗೆ ಹೋಗಲಾದೀತೇ ಎಂಬುದು ಗಟ್ಟಿಯಾದ ಆಕ್ಷೇಪ. ಆಗದು. ಅಲ್ಲಿನದು ಲೋಹದ ಹಿಡಿ, ಕಾರ್ಬನ್ ತೋಳು, ಗುರಿಕಣ್ಣು, ಸಮತೋಲದ ಕೋಲುಗಳಿರುವ ದುಬಾರಿ ರಿಕರ್ವ್ ಬಿಲ್ಲು. ಆದರೆ ಅಲ್ಲಿಗೆ ಮುಟ್ಟಿದ ನಮ್ಮವರು ಎಲ್ಲಿಂದ ಹೊರಟರು ಎಂಬುದನ್ನೂ ನೋಡಬೇಕು. ರಾಜಸ್ಥಾನದ ಬುಡಕಟ್ಟು ಕುಟುಂಬದ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಕಲಿತು 1992ರಲ್ಲಿ ವಿಶ್ವದಾಖಲೆ ಸರಿಗಟ್ಟಿದವರು. ರಾಂಚಿಯ ಆಟೊ ಚಾಲಕರ ಮಗಳು ದೀಪಿಕಾ ಕುಮಾರಿ ಮೊದಲು ಅಭ್ಯಾಸ ಮಾಡಿದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲಿನಲ್ಲಿ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ, ಅದರಲ್ಲಿ ಬಿದಿರು-ಮರದ ಬಿಲ್ಲುಗಳೇ ನಡೆಯುತ್ತವೆ. ದುಬಾರಿ ಬಿಲ್ಲು ಬಂದ ಮೇಲೆಯೇ ಬಿಲ್ಲುಗಾರಿಕೆ ಎಂದು ಕೂತರೆ ಹಳ್ಳಿ ಶಾಲೆಗೆ ಅದು ಯಾವ ಕಾಲಕ್ಕೂ ಬಾರದು. ಬಂದರೂ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ. ಮುರಿದರೆ ಯಾರು ಕೊಡುತ್ತಾರೆಂಬ ಭಯಕ್ಕೆ ಮಗುವಿನ ಕೈಗೆ ಸಿಗುವುದಿಲ್ಲ. ತಾನೇ ಮಾಡಿದ ಬಿಲ್ಲು ಮುರಿದರೆ ಮಗು ಇನ್ನೊಂದು ಪಟ್ಟಿ ಸೀಳುತ್ತದೆ, ಯಾಕೆ ಮುರಿಯಿತು ಎಂದು ಮುರಿದ ಜಾಗ ನೋಡಿ ತಿಳಿಯುತ್ತದೆ.

ಅಪಾಯದ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊಂಡು ಬಾಣವೂ ಕಣ್ಣು ತೆಗೆಯಬಲ್ಲದು. ಅದಕ್ಕೇ ಕೆಲವು ಕಟ್ಟುಪಾಡು ಬೇಕೇ ಬೇಕು: ಮಕ್ಕಳ ಬಿಲ್ಲಿನ ಸೆಳೆತ ಏಳೆಂಟು ಕೆ.ಜಿ. ದಾಟಬಾರದು, ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಬೇಕು, ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲಬೇಕು, ಶಿಕ್ಷಕರು ಹೇಳುವವರೆಗೆ ಯಾರೂ ಬಾಣ ತರಲು ಮುಂದೆ ಹೋಗಬಾರದು. ಬಾಣ ಹೂಡದೆ ಬರಿ ಹೆದೆಯನ್ನು ಎಳೆದು ಬಿಡಲೇಬಾರದು, ಬಿಲ್ಲು ಅಲ್ಲೇ ಸಿಡಿಯಬಹುದು. ಜಾವೆಲಿನ್, ಗುಂಡು ಎಸೆತವನ್ನು ಶಾಲಾ ಕ್ರೀಡಾಕೂಟಗಳಲ್ಲಿ ಇಂಥ ಶಿಸ್ತಿನಿಂದಲೇ ನಡೆಸುತ್ತಿದ್ದೇವೆ. ಬೇಟೆಯ ಆಸೆಗೆ ಮಾತ್ರ ಇಲ್ಲಿ ಎಳ್ಳಷ್ಟೂ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಪಟ್ಟಿಯಲ್ಲಿ ಬಿಲ್ಲು-ಬಾಣವನ್ನು ಹೆಸರಿಟ್ಟೇ ಸೇರಿಸಿದೆ. ತೋಳಗಳಿಗಾಗಿಯೇ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅಭಯಾರಣ್ಯ ಮಾಡಿಕೊಂಡ ಜಿಲ್ಲೆ ನಮ್ಮದು. ಬಿಲ್ಲು ಮಾಡಲು ಕಲಿಸುವ ಮೊದಲ ದಿನವೇ ಈ ಕಾನೂನನ್ನೂ ಹೇಳಿಕೊಡಬೇಕು.

ಎಲ್ಲಕ್ಕಿಂತ ಆಳದಲ್ಲಿರುವ ಆಕ್ಷೇಪವನ್ನು ಜನ ಬಾಯಿಬಿಟ್ಟು ಹೇಳುವುದು ಕಡಿಮೆ. ಬಡಿಗತನ, ಬುಟ್ಟಿ ಹೆಣೆಯುವುದು, ಬೇಟೆ, ಇವೆಲ್ಲ ಒಂದೊಂದು ಜಾತಿಗೆ ಅಂಟಿಕೊಂಡ ಕೆಲಸಗಳು. ಅವುಗಳಿಂದ ಬಿಡಿಸಿಕೊಳ್ಳಲೆಂದೇ ಮಕ್ಕಳನ್ನು ಶಾಲೆಗೆ ಕಳಿಸಿದ್ದೇವೆ, ನೀವು ಮತ್ತೆ ಉಳಿ-ಬಾಚಿ ಕೊಡುತ್ತೀರಾ ಎನ್ನುವ ತಂದೆತಾಯಿಯರ ನೋವು ನಿಜವಾದದ್ದು. ಒಂದು ಜಾತಿಯ ಮಕ್ಕಳಿಗೆ ಮಾತ್ರ ಬಾಚಿ ಕೊಟ್ಟರೆ ಅದು ಅನ್ಯಾಯವೇ. ತರಗತಿಯ ಎಲ್ಲ ಮಕ್ಕಳೂ, ಹುಡುಗ ಹುಡುಗಿ ಎನ್ನದೆ, ಒಂದೇ ಗಳದ ಸೀಳುಗಳನ್ನು ಹಿಡಿದು ಕೂತಾಗ ಕೆಲಸಕ್ಕೆ ಅಂಟಿದ ಜಾತಿ ಸಡಿಲವಾಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ, ಕುಂಟೆ, ಬಂಡಿಯ ಕೆಲಸ ಕಡಿಮೆಯಾಗಿ ಕೂತಿರುವ ಹಿರಿಯ ಬಡಿಗೇರರೊಬ್ಬರನ್ನು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿ, ಗೌರವಧನ ಕೊಟ್ಟು ಕಲಿಸಿ ಎಂದು ಕೇಳುವುದು ಅವರ ವಿದ್ಯೆಗೆ ಸಲ್ಲಬೇಕಾದ ಮರ್ಯಾದೆ. ಮರದ ಎಳೆ ಎತ್ತ ತಿರುಗಿದೆ ಎಂದು ಒಂದೇ ನೋಟದಲ್ಲಿ ಹೇಳಬಲ್ಲವರು ಅವರು, ಬಿ.ಇಡಿ. ಮಾಡಿದವರಿಗೆ ಅದು ಬರುವುದಿಲ್ಲ. ನಮ್ಮ ಸರ್ಕಾರ ಸಾಧಕ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿ ಏಕಲವ್ಯನ ಹೆಸರಿನದು. ಗುರು ದೂರವಿಟ್ಟಾಗ ತಾನೇ ಕಲಿತವನು ಅವನು. ಪ್ರಶಸ್ತಿಗೆ ಅವನ ಹೆಸರಿಟ್ಟ ನಾಡು ಅವನ ಕಲಿಕೆಗೂ ಶಾಲೆಯ ಬಾಗಿಲು ತೆರೆಯಬೇಕು.

ಇದಕ್ಕೆ ಹೊಸ ಯೋಜನೆಯಾಗಲಿ ಬೆಂಗಳೂರಿನ ಆದೇಶವಾಗಲಿ ಬೇಕಾಗಿಲ್ಲ. ಇಟಗಿ, ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಶಾಲೆಗಳ ಎಸ್‌ಡಿಎಂಸಿಯವರು ಮತ್ತು ದೈಹಿಕ ಶಿಕ್ಷಕರು ಮನಸ್ಸು ಮಾಡಿದರೆ ಸಾಕು. ಬಿದಿರು ಕಡಿಯಲು ಚಳಿಗಾಲವೇ ತಕ್ಕ ಹೊತ್ತು. ಆಗ ಗಳದಲ್ಲಿ ಹಿಟ್ಟಿನಂಶ ಕಡಿಮೆ, ಹುಳು ಹಿಡಿಯುವುದೂ ಕಡಿಮೆ. ಮೂರು ವರ್ಷ ತುಂಬಿದ ಗಳಗಳನ್ನು ಮೇದಾರರಿಂದಲೇ ಆರಿಸಿ ತಂದು, ನಮ್ಮ ಬಿಸಿಲಿಗೆ ಬಿರಿಯದಂತೆ ನೆರಳಿನಲ್ಲಿ ಒಣಗಲು ಬಿಡಿ. ಬೇಸಿಗೆ ರಜೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಅವು ಸೀಳಲು ಹದವಾಗಿರುತ್ತವೆ.