ಹಾರ ಸಾಕು, ಕೈಗೆ ಸೀಟಿ ಕೊಡಿ

ನಮ್ಮ ಕಡೆ ಹಳೆಯ ಆಟಗಾರರು ವರ್ಷಕ್ಕೆ ಒಂದೇ ಸಲ ನೆನಪಾಗುತ್ತಾರೆ. ಹೊನಲು ಬೆಳಕಿನ ಕಬಡ್ಡಿ ಇರಲಿ, ಜಾತ್ರೆಯ ಟೆನಿಸ್ ಬಾಲ್ ಟೂರ್ನಿ ಇರಲಿ, ಫ್ಲೆಕ್ಸ್‌ನ ಮೂಲೆಯಲ್ಲಿ ಅವರ ಫೋಟೊ ಬರುತ್ತದೆ. ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, "ಒಂದು ಕಾಲಕ್ಕೆ ಇವರ ರೇಡ್ ನೋಡಾಕ ಹತ್ತೂರಿನ ಜನ ಬರ್ತಿದ್ರು" ಎಂದು ಮೈಕಿನಲ್ಲಿ ಹೇಳುತ್ತಾರೆ. ಟಾಸ್ ಹಾಕಿಸಿ ಮನೆಗೆ ಕಳಿಸುತ್ತಾರೆ. ಮರುದಿನ ಅದೇ ಊರಿನ ಶಾಲೆ ಮೈದಾನದಲ್ಲಿ ಮಕ್ಕಳು ಹೇಳಿಕೊಡುವವರಿಲ್ಲದೆ ತಮಗೆ ತಿಳಿದಂತೆ ಆಡುತ್ತಿರುತ್ತಾರೆ.

ಹಾರ ಹಾಕುವುದು ತಪ್ಪಲ್ಲ. ಆದರೆ ಆ ಮನುಷ್ಯನ ಕೈಕಾಲಿನಲ್ಲಿರುವ ವಿದ್ಯೆ ಅವರ ಜೊತೆಗೇ ಮುಗಿದುಹೋಗುತ್ತಿದೆಯಲ್ಲ, ಅದು ಊರಿನ ನಷ್ಟ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿನ ಊರುಗಳಲ್ಲಿ ಟೂರ್ನಿಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಕಲಿಸುವವರದು. ಚೆನ್ನಾಗಿ ಆಡಿ ಬಿಟ್ಟವರು ಸಂಜೆ ಎರಡು ತಾಸು ಮೈದಾನಕ್ಕೆ ವಾಪಸ್ ಬರಬೇಕು. ಅದೂ ಹನ್ನೆರಡು, ಹದಿನಾಲ್ಕು ವರ್ಷದ ಮಕ್ಕಳ ತಂಡಕ್ಕೆ ಬರಬೇಕು ಎಂಬುದು ನನ್ನ ವಾದ.

"ಅಷ್ಟು ದೊಡ್ಡ ಆಟಗಾರ ಸಣ್ಣ ಹುಡುಗರಿಗೆ ಹೇಳಿಕೊಡೋದಾ?" ಎಂದು ಕೇಳುವವರಿದ್ದಾರೆ. ಅವರು ನಮ್ಮ ರಾಹುಲ್ ದ್ರಾವಿಡ್ ಏನು ಮಾಡಿದರು ಎಂಬುದನ್ನು ನೋಡಬೇಕು.

ದೊಡ್ಡ ಆಟಗಾರ, ಚಿಕ್ಕ ತಂಡ

ದ್ರಾವಿಡ್ 164 ಟೆಸ್ಟ್ ಆಡಿ, 13,288 ರನ್ ಮಾಡಿ, 2012ರ ಮಾರ್ಚ್‌ನಲ್ಲಿ ನಿವೃತ್ತರಾದರು. ಅಂಥ ಹೆಸರಿನವರಿಗೆ ಕಾಮೆಂಟರಿ ಇದೆ, ಜಾಹೀರಾತು ಇದೆ, ಐಪಿಎಲ್ ಇದೆ. ಅವರು 2015ರ ಜೂನ್‌ನಲ್ಲಿ ಒಪ್ಪಿಕೊಂಡಿದ್ದು ಭಾರತ ಎ ಮತ್ತು 19 ವರ್ಷದೊಳಗಿನವರ ತಂಡದ ಕೋಚ್ ಕೆಲಸ. ಅಂದರೆ ದೊಡ್ಡ ತಂಡಕ್ಕೆ ಇನ್ನೂ ಹೋಗದ ಹುಡುಗರು, ಬಹುತೇಕ ಟಿವಿಯಲ್ಲೂ ಬಾರದ ಪಂದ್ಯಗಳು. 2017ರಲ್ಲಿ ಐಪಿಎಲ್ ತಂಡ ಬೇಕೋ ಈ ಹುಡುಗರು ಬೇಕೋ ಎಂಬ ಪ್ರಶ್ನೆ ಬಂತು. ಅವರು ಐಪಿಎಲ್ ಬಿಟ್ಟು ಹುಡುಗರನ್ನು ಉಳಿಸಿಕೊಂಡರು. ಕ್ರಿಕೆಟ್ ಮಂಡಳಿಯೂ ಅವರ ಸಂಭಾವನೆ ಹೆಚ್ಚಿಸಿತು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಅವರು ಮಾಡಿದ ಕೆಲಸದಲ್ಲಿ ನಾಲ್ಕು ಸಂಗತಿ ನಮ್ಮ ಹಳ್ಳಿ ಮೈದಾನಕ್ಕೂ ಹೊಂದುತ್ತವೆ.

ಮೊದಲನೆಯದು, ಪ್ರವಾಸಕ್ಕೆ ಬಂದ ಪ್ರತಿ ಹುಡುಗನಿಗೂ ಆಡುವ ಅವಕಾಶ ಸಿಗಬೇಕು ಎಂದು ಹಟ ಹಿಡಿದರು. ಬರೀ ಬೆಂಚು ಕಾಯ್ದು ವಾಪಸ್ ಹೋಗುವ ನೋವು ಅವರಿಗೆ ಗೊತ್ತಿತ್ತು. ನಮ್ಮ ಟೂರ್ನಿಗಳಲ್ಲಿ ಏನಾಗುತ್ತದೆ? ಕಪ್ಪಿನ ಆಸೆಗೆ ಬೇರೆ ಜಿಲ್ಲೆಯಿಂದ ಬಾಡಿಗೆ ಆಟಗಾರರನ್ನು ತರಿಸುತ್ತೇವೆ. ಊರಿನ ಹುಡುಗರು ನೀರಿನ ಬಾಟಲಿ ಹಿಡಿದು ಗೆರೆಯ ಆಚೆ ಕೂರುತ್ತಾರೆ. ಕಪ್ಪು ಊರಿಗೆ ಬರುತ್ತದೆ, ಆಟ ಬರುವುದಿಲ್ಲ.

ಎರಡನೆಯದು ವಯಸ್ಸು. 2015ರ ಡಿಸೆಂಬರ್‌ನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ದ್ರಾವಿಡ್ ವಯಸ್ಸಿನ ಮೋಸದ ಬಗ್ಗೆ ಗಟ್ಟಿಯಾಗಿ ಮಾತಾಡಿದರು. ಹುಟ್ಟಿದ ದಿನಾಂಕ ತಿದ್ದಿಸುವ ತಂದೆತಾಯಿ, ಕೋಚ್‌ಗಳು ಮಗುವಿಗೆ ಕಲಿಸುವ ಮೊದಲ ಪಾಠವೇ ಮೋಸ ಎಂಬುದು ಅವರ ಮಾತಿನ ಸಾರ. ಹೋಬಳಿ ಮಟ್ಟದ ಕ್ರೀಡಾಕೂಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೀಸೆ ಬಂದವನು 14 ವರ್ಷದೊಳಗಿನ ಓಟದಲ್ಲಿ ಗೆದ್ದರೆ, ನಿಜವಾಗಿ ಹದಿಮೂರು ವರ್ಷದ ಮಗು ಅವತ್ತೇ ಆಟ ಬಿಡುತ್ತದೆ.

ಮೂರನೆಯದು, ಒಬ್ಬರೇ ಜಾಗ ಹಿಡಿದು ಕೂರಬಾರದು. ಒಬ್ಬ ಹುಡುಗನಿಗೆ 19 ವರ್ಷದೊಳಗಿನವರ ವಿಶ್ವಕಪ್ ಒಂದೇ ಸಲ ಎಂಬ ನಿಯಮವನ್ನು ಕ್ರಿಕೆಟ್ ಮಂಡಳಿ 2016ರಲ್ಲಿ ತಂದಿತು. 2016ರಲ್ಲಿ ಆಡಿದ್ದ ವಾಷಿಂಗ್ಟನ್ ಸುಂದರ್‌ಗೆ 2018ರಲ್ಲೂ ವಯಸ್ಸಿತ್ತು, ಆದರೂ ಅವಕಾಶ ಬೇರೆಯವರಿಗೆ ಹೋಯಿತು. 2016ರ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಸೋತಿದ್ದ ಭಾರತ, 2018ರ ಫೆಬ್ರವರಿಯಲ್ಲಿ ಹೊಸ ಹುಡುಗರನ್ನು ಕಟ್ಟಿಕೊಂಡು ಆಸ್ಟ್ರೇಲಿಯಾವನ್ನು ಸೋಲಿಸಿ ಕಪ್ ಗೆದ್ದಿತು.

ನಾಲ್ಕನೆಯದು ದುಡ್ಡು. ಆ ಗೆಲುವಿಗೆ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಸಿಬ್ಬಂದಿಗೆಲ್ಲ ಸಮಪಾಲು ಕೊಡಿ ಎಂದು ದ್ರಾವಿಡ್ ಕೇಳಿದರು. ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷ ಎಂದಾಯಿತು. ಅವರ ಪಾಲು ಅರ್ಧಕ್ಕೆ ಇಳಿಯಿತು, ಮರ್ಯಾದೆ ಏರಿತು.

ಫಲ ಕಾಣಲು ವರ್ಷಗಳೇ ಹಿಡಿದವು. 2021ರ ಜನವರಿ 19ರಂದು ಬ್ರಿಸ್ಬೇನ್‌ನ ಗಾಬಾದಲ್ಲಿ ಭಾರತ ಗೆದ್ದಿತು. 32 ವರ್ಷ ಆಸ್ಟ್ರೇಲಿಯಾ ಅಲ್ಲಿ ಟೆಸ್ಟ್ ಸೋತಿರಲಿಲ್ಲ. ದೊಡ್ಡ ದೊಡ್ಡ ಆಟಗಾರರು ಗಾಯಗೊಂಡು ಹೊರಗಿದ್ದರು. ಗೆಲ್ಲಿಸಿದ್ದು 91 ರನ್ ಹೊಡೆದ ಶುಭಮನ್ ಗಿಲ್, ಔಟಾಗದೆ 89 ಹೊಡೆದ ರಿಷಭ್ ಪಂತ್, ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದ ಮೊಹಮ್ಮದ್ ಸಿರಾಜ್, ಮೊದಲ ಟೆಸ್ಟ್ ಆಡುತ್ತಿದ್ದ ಸುಂದರ್. ಗಿಲ್, ಪಂತ್, ಸುಂದರ್ 19ರೊಳಗಿನವರ ವಿಶ್ವಕಪ್ ತಂಡಗಳಲ್ಲಿ, ಹೈದರಾಬಾದಿನ ಆಟೊ ಚಾಲಕರ ಮಗ ಸಿರಾಜ್ ಭಾರತ ಎ ತಂಡದಲ್ಲಿ, ಎಲ್ಲರೂ ದ್ರಾವಿಡ್ ಕೈಕೆಳಗೆ ಆಡಿದವರೇ. ಜನ ಹೊಗಳಲು ಹೋದರೆ, ಇದರ ಶ್ರೇಯಸ್ಸೆಲ್ಲ ಹುಡುಗರದ್ದು ಎಂದು ಅವರು ಪಕ್ಕಕ್ಕೆ ಸರಿದರು.

ದ್ರಾವಿಡ್ ಒಬ್ಬರೇ ಅಲ್ಲ

ಅಮೆರಿಕದಲ್ಲಿ ಬೇಸ್‌ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ರೈನ್ ಸ್ಯಾಂಡ್‌ಬರ್ಗ್ ಎಂಬ ಮಹಾ ಆಟಗಾರ ಇದ್ದರು. ಆ ಆಟದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಅವರಿಗೆ 2005ರಲ್ಲಿ ಸಿಕ್ಕಿತು. 2007ರಲ್ಲಿ ಅವರು ಪಿಯೋರಿಯಾ ಎಂಬ ಊರಿನ ಕೆಳದರ್ಜೆ ಲೀಗ್ ತಂಡಕ್ಕೆ ಮ್ಯಾನೇಜರ್ ಆಗಿ ಹೋದರು. ಹೊಸ ಹುಡುಗರ ಜೊತೆ ಬಸ್ಸಿನಲ್ಲೇ ಊರೂರು ಸುತ್ತಿದರು. ಆರು ವರ್ಷ ಕೆಳಗಿನ ತಂಡಗಳಲ್ಲೇ ದುಡಿದ ಮೇಲೆ, 2013ರಲ್ಲಿ ಅವರಿಗೆ ದೊಡ್ಡ ಲೀಗ್‌ನ ತಂಡ ಸಿಕ್ಕಿತು. ತಾವು ಆಡಿ ಹೆಸರು ಮಾಡಿದ ಶಿಕಾಗೊ ತಂಡ ಮಾತ್ರ ಅವರಿಗೆ ಆ ಕೆಲಸ ಕೊಡಲೇ ಇಲ್ಲ.

ಅಷ್ಟು ದೂರ ಯಾಕೆ, ಗದಗಿನ ಸುನಿಲ್ ಜೋಶಿ ಅವರನ್ನು ನೋಡಿ. ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿದವರು. ಅದೇ ರೈಲು ಮಾರ್ಗ ನಮ್ಮ ಹೊಸಪೇಟೆಗೂ ಬರುತ್ತದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗೆ ಆರೇ ರನ್ ಕೊಟ್ಟು ಐದು ವಿಕೆಟ್ ತೆಗೆದರು. ಆಟ ಬಿಟ್ಟ ಮೇಲೆ ಜಮ್ಮು-ಕಾಶ್ಮೀರ, ಅಸ್ಸಾಂನಂಥ ತಂಡಗಳಿಗೆ ಕೋಚ್ ಆದರು. ರಣಜಿಯಲ್ಲಿ ಅವೇನೂ ದೊಡ್ಡ ಹೆಸರಿನ ತಂಡಗಳಾಗಿರಲಿಲ್ಲ.

ನಮ್ಮ ಮಣ್ಣಿನ ಆಟ ಕಬಡ್ಡಿಗೆ ಬನ್ನಿ. 2001ರ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಪ್ರೊ ಕಬಡ್ಡಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಕಪ್ ಗೆಲ್ಲಿಸಿದ ಕೋಚ್. 2025ರಲ್ಲಿ ಅವರು ಬೆಂಗಳೂರು ಬುಲ್ಸ್‌ಗೆ ಮುಖ್ಯ ಕೋಚ್ ಆಗಿ ಬಂದರು. ಹಿಂದಿನ ಸೀಸನ್‌ನಲ್ಲಿ ಪಟ್ಟಿಯ ತಳದಲ್ಲಿದ್ದ ತಂಡ ಅದು.

ಗರಡಿಯಲ್ಲಿ ಇದು ಹಳೆಯ ಮಾತು

ನಿಜ ಹೇಳಬೇಕೆಂದರೆ ಇದನ್ನು ನಾವು ಕ್ರಿಕೆಟ್‌ನಿಂದ ಕಲಿಯಬೇಕಿಲ್ಲ. ಗರಡಿಮನೆಯಲ್ಲಿ ವಸ್ತಾದ್ ಯಾರು? ತನ್ನ ಕಾಲದಲ್ಲಿ ಕುಸ್ತಿ ಗೆದ್ದು ವಯಸ್ಸಾದ ಪೈಲ್ವಾನ್. ಅವನು ಮಟ್ಟಿಯ ಅಂಚಿಗೆ ಕೂತು ಹುಡುಗರಿಗೆ ಪಟ್ಟು ಹೇಳಿಕೊಟ್ಟರೆ, "ಇವನು ಕೆಳಗಿಳಿದ" ಎಂದು ಯಾರೂ ಅನ್ನುತ್ತಿರಲಿಲ್ಲ. ಆಡುವಾಗ ಪೈಲ್ವಾನ್, ಕಲಿಸುವಾಗ ವಸ್ತಾದ್. ಎರಡನೆಯದೇ ಮೇಲಿನ ಪದವಿ. ಹಂಪಿ ಉತ್ಸವದಲ್ಲಿ ಇವತ್ತಿಗೂ ಕುಸ್ತಿ ಇದೆ, ಗುಂಡು ಎತ್ತುವುದಿದೆ, ಬಂಡಿ ಗಾಲಿ ಜೋಡಿಸುವುದಿದೆ. ಜನ ಮುಗಿಬಿದ್ದು ನೋಡುತ್ತಾರೆ. ಆದರೆ ಉತ್ಸವ ಮುಗಿದ ಮೇಲೆ ಉಳಿದ ದಿನಗಳಲ್ಲಿ ಕಲಿಸುವವರು ಬೇಕಲ್ಲ.

ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಶುರುವಾಯಿತು. ನೀರಜ್ ಚೋಪ್ರಾ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ 2019ರಲ್ಲಿ ಅಲ್ಲಿಯೇ ಚೇತರಿಸಿಕೊಂಡರು. ಒಲಿಂಪಿಕ್ಸ್ ಚಿನ್ನ ಗೆದ್ದವರು ಓಡಾಡಿದ ಮೈದಾನ ನಮ್ಮ ಕೂಗಳತೆಯಲ್ಲಿದೆ, ಅದು ಹೆಮ್ಮೆಯೇ. ಆದರೆ ಅಲ್ಲಿಗೆ ಆಯ್ಕೆಯಾಗಬೇಕಾದರೆ ಮಗುವಿಗೆ ಮೊದಲು ಯಾರಾದರೂ ಆಟದ ಅಕ್ಷರ ಕಲಿಸಿರಬೇಕು. ಆ ಮೊದಲ ಮೆಟ್ಟಿಲು ನಮ್ಮ ಊರಿನ ಶಾಲೆ ಅಂಗಳದಲ್ಲೇ ಆಗಬೇಕು. 2025ರ ಜನವರಿಯಲ್ಲಿ ಖೊ ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವರು. ಆಟ ಕಲಿತಿದ್ದು ತಮ್ಮೂರಿನ ಶಾಲೆಯಲ್ಲೇ.

ಅಡ್ಡ ಬರುವ ಮಾತುಗಳು

"ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರಾ?" ಇಲ್ಲ. ಕಲಿಸುವುದು ಬೇರೆ ವಿದ್ಯೆ. ಮಕ್ಕಳನ್ನು ಬೈದು, ಹೊಡೆದು ಓಡಿಸುವವರು ಎಷ್ಟು ದೊಡ್ಡ ಆಟಗಾರರಾದರೂ ಬೇಡ. ಆದರೆ ಈ ವಿದ್ಯೆಯನ್ನೂ ಕಲಿಯಬಹುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ತಾಲ್ಲೂಕಿಗೆ ಇಬ್ಬರನ್ನು ಕಳಿಸಿದರೂ ಸಾಕು, ಅವರು ಉಳಿದವರಿಗೆ ಹೇಳಿಕೊಡುತ್ತಾರೆ.

"ಅವರಿಗೆ ಪುರುಸೊತ್ತು ಎಲ್ಲಿದೆ?" ಇದು ನಿಜವಾದ ಪ್ರಶ್ನೆ. ನಮ್ಮ ಹಳೆಯ ಆಟಗಾರರು ಗಣಿ ಲಾರಿ ಓಡಿಸುತ್ತಾರೆ, ಹಂಪಿಯಲ್ಲಿ ಆಟೊ ಓಡಿಸುತ್ತಾರೆ, ಕಂಪ್ಲಿ ಕಡೆ ಭತ್ತದ ಗದ್ದೆ ಮಾಡುತ್ತಾರೆ. ಎರಡು ತಾಸು ಬಿಟ್ಟುಬಂದರೆ ಆ ದಿನದ ದುಡಿಮೆ ಅಷ್ಟು ಕಡಿಮೆ. ಅವರನ್ನು "ಊರಿನ ಸೇವೆ ಮಾಡಿ" ಎಂದು ಬಿಟ್ಟಿ ದುಡಿಸಬಾರದು. ದ್ರಾವಿಡ್‌ಗೇ ಸಂಭಾವನೆ ಹೆಚ್ಚಿಸಿದರು ಅಂದಮೇಲೆ, ಕೂಲಿ ಬಿಟ್ಟು ಬರುವವನಿಗೆ ತಿಂಗಳ ಗೌರವಧನ ಕೊಡಲು ಯೋಚನೆ ಯಾಕೆ? ಬಾಡಿಗೆ ಆಟಗಾರರಿಗೆ, ಡಿಜೆಗೆ, ಫ್ಲೆಕ್ಸ್‌ಗೆ ಒಂದು ಟೂರ್ನಿಯಲ್ಲಿ ಸುರಿಯುವ ದುಡ್ಡನ್ನು ಲೆಕ್ಕ ಹಾಕಿ ನೋಡಿ. ಒಬ್ಬ ಕೋಚ್‌ಗೆ ಎಷ್ಟು ತಿಂಗಳು ಕೊಡಬಹುದು ಎಂದು ನಿಮಗೇ ಗೊತ್ತಾಗುತ್ತದೆ. ಗಣಿ ಬಾಧಿತ ಊರುಗಳಿಗಾಗಿಯೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ದೂಳು ಕುಡಿದವರು ನಮ್ಮ ಮಕ್ಕಳು, ಆ ನಿಧಿಯಲ್ಲಿ ಅವರ ಆಟಕ್ಕೊಂದು ಪಾಲು ಕೇಳುವುದು ಭಿಕ್ಷೆಯಲ್ಲ.

ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ಹಳೆಯ ಆಟಗಾರರು ಎಂದ ಕೂಡಲೇ ನಾವು ಗಂಡಸರನ್ನೇ ನೆನೆಯುತ್ತೇವೆ. ಶಾಲೆ, ಕಾಲೇಜಿನಲ್ಲಿ ಖೊ ಖೊ, ಥ್ರೋಬಾಲ್ ಆಡಿ ಮದುವೆಯಾಗಿ ನಿಮ್ಮೂರಿಗೆ ಬಂದ ಸೊಸೆಯಂದಿರು ಎಷ್ಟು ಜನರಿಲ್ಲ? ಅವರ ಪದಕ ಟ್ರಂಕಿನ ತಳದಲ್ಲಿವೆ. ಹೆಣ್ಣುಮಕ್ಕಳ ತಂಡಕ್ಕೆ ಅವರಲ್ಲೊಬ್ಬರು ನಿಂತರೆ, "ಮಗಳನ್ನು ಆಟಕ್ಕೆ ಕಳಿಸೋದಾ?" ಎನ್ನುವ ಅರ್ಧ ತಾಯಂದಿರ ಭಯ ಹೋಗುತ್ತದೆ.

ನಾಳೆಯಿಂದ ಏನು?

ಸರ್ಕಾರದ ಆದೇಶ ಬರಲಿ ಎಂದು ಕಾಯುವುದು ಬೇಡ. ಊರಿನಲ್ಲಿ ಆಡಿ ಬಿಟ್ಟವರ ಹೆಸರು ಬರೆದುಕೊಳ್ಳಿ. ಗಂಡಸರದ್ದೂ, ಹೆಂಗಸರದ್ದೂ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಿ. ದೈಹಿಕ ಶಿಕ್ಷಕರಿದ್ದರೆ ಅವರ ಜೊತೆಗೆ, ಇಲ್ಲದಿದ್ದರೆ ಮುಖ್ಯ ಗುರುಗಳ ಒಪ್ಪಿಗೆ ಪಡೆದು ವಾರಕ್ಕೆ ಮೂರು ಸಂಜೆ ಗೊತ್ತುಮಾಡಿ. ಗೌರವಧನಕ್ಕೆ ಗ್ರಾಮ ಪಂಚಾಯಿತಿ ಮತ್ತು ಟೂರ್ನಿ ಕಮಿಟಿ ಕೂತು ಮಾತಾಡಲಿ. ಮುಂದಿನ ಟೂರ್ನಿಗೆ ಒಂದು ನಿಯಮ ಹಾಕಿ: ಪ್ರತಿ ತಂಡದಲ್ಲಿ ಊರಿನ ಇಬ್ಬರು ಹೈಸ್ಕೂಲು ಮಕ್ಕಳು ಆಡಲೇಬೇಕು. ವಯಸ್ಸಿನ ಕಾಗದ ಸುಳ್ಳಾದರೆ ತಂಡವೇ ಹೊರಗೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಹಳೆಯ ರೋಗ. ಹೊರಗಿನಿಂದ ಬಂದ ಕೋಚ್‌ಗೆ ಕುರ್ಚಿ ಹಾಕುತ್ತೇವೆ, ನಮ್ಮೂರಿನ ಆಟಗಾರನಿಗೆ ಹಾರ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಈ ಸಲ ಸನ್ಮಾನದ ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ ಬರೆಯಿರಿ: ಇವರು ಯಾವ ದಿನ, ಎಷ್ಟು ಗಂಟೆಗೆ ಮೈದಾನಕ್ಕೆ ಬರುತ್ತಾರೆ? ಉತ್ತರ ಸಿಕ್ಕವರಿಗೆ ಹಾರದ ದುಡ್ಡಿನಲ್ಲಿ ಒಂದು ಸೀಟಿ, ಎರಡು ಚೆಂಡು ಕೊಡಿಸಿ.