ಕಾಲು ಮೈಲಿಯ ಪರೀಕ್ಷೆಯೂ ನಮ್ಮ ಹೆದ್ದಾರಿಯ ಪೌರುಷವೂ

ಕಳೆದ ತಿಂಗಳು ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಭಾವಮೈದ ಪಕ್ಕದಲ್ಲೇ ಕುಳಿತಿದ್ದ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಕೇಳುವಂತೆ, "ಭಾವ, ಆ ಹುಡುಗನನ್ನು ಹಾಳು ಮಾಡಿದವರು ನೀವೇ. ಕಾರು ರೇಸಿಗೆ ಹೊರಟವನನ್ನು ತಡೆಯುವುದು ಬಿಟ್ಟು ಜೊತೆಗೆ ಹೋಗಿ ಕುಳಿತು ಬಂದಿರಲ್ಲ!" ಎಂದ. ಪಂಕ್ತಿಯಲ್ಲಿದ್ದ ಹಿರಿಯರು ಹಲವರು ತಲೆಯಾಡಿಸಿದರು. ಎಲೆಯ ಮುಂದೆ ಜಗಳವಾಡಬಾರದೆಂದು ನಾನು ಸುಮ್ಮನಿದ್ದೆ. ಈಗ ಎಲೆ ಎತ್ತಿಯಾಗಿದೆ, ಆದುದರಿಂದ ಬರೆಯುತ್ತಿದ್ದೇನೆ.

ನಡೆದದ್ದು 2019ರ ಬೇಸಿಗೆಯಲ್ಲಿ. ನಾನು ಮತ್ತು ನನ್ನಾಕೆ ಕ್ಯಾಲಿಫೋರ್ನಿಯದಲ್ಲಿ ಮಗಳ ಮನೆಯಲ್ಲಿದ್ದೆವು. ಮೊಮ್ಮಗ ಆಗಷ್ಟೇ ಕೆಲಸಕ್ಕೆ ಸೇರಿ, ಮಸ್ಟಾಂಗ್ ಜಿಟಿ ಎಂಬ ಕಾರನ್ನು ಕೊಂಡಿದ್ದ. ಐದು ಲೀಟರಿನ ವಿ-8 ಎಂಜಿನ್, 460 ಅಶ್ವಶಕ್ತಿ. ನನ್ನ ಕಾಲದಲ್ಲಿ ನಮ್ಮೂರಿನ ಅಂಬಾಸಡರ್ ಕಾರಿಗೆ ಐವತ್ತರ ಆಸುಪಾಸು ಇತ್ತೆಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. ಅದೂ ಅಲ್ಲಿ ಅಪರೂಪವಾಗುತ್ತಿರುವ, ಕೈಯಿಂದ ಗೇರು ಬದಲಿಸುವ ಬಗೆಯದು. ಆರು ಗೇರು, ಎಡಗಾಲಿಗೆ ಕ್ಲಚ್ಚು. ಅದನ್ನು ಸೊನೋಮ ರೇಸ್‌ವೇಯಲ್ಲಿ ಬುಧವಾರ ಸಂಜೆ ಸಾಮಾನ್ಯರಿಗೆ ತೆರೆದಿರುವ ಡ್ರ್ಯಾಗ್ ಸ್ಟ್ರಿಪ್ಪಿಗೆ ಒಯ್ಯುವುದು ಅವನ ಆಸೆ. ನೇರವಾದ ಪಟ್ಟಿ, ಉದ್ದ ಕಾಲು ಮೈಲಿ, ಅಂದರೆ 1320 ಅಡಿ. ಒಂದು ಬಾರಿಗೆ ಇಬ್ಬರೇ ಓಡಿಸುವುದು. ಎದುರಿನಿಂದ ಯಾರೂ ಬರುವುದಿಲ್ಲ, ಎಮ್ಮೆಯೂ ಬರುವುದಿಲ್ಲ.

ನಮ್ಮ ಹಿರಿಯರು ತಿಳಿಯಬೇಕಾದ ಮೊದಲ ಸಂಗತಿಯೆಂದರೆ, ಈ ಪಟ್ಟಿಗಳು ಹುಟ್ಟಿದ್ದೇ ಹುಡುಗರನ್ನು ಬೀದಿಯಿಂದ ಬಿಡಿಸುವುದಕ್ಕೆ. ಎರಡನೆಯ ಮಹಾಯುದ್ಧದ ಬಳಿಕ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟಿ ಊರ ರಸ್ತೆಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ಪತ್ರಿಕೆಗಳು ಅವರನ್ನು ಪುಂಡರೆಂದು ಕರೆದವು. ಸಿ. ಜೆ. ಹಾರ್ಟ್ ಎಂಬುವರು ಇನ್ನಿಬ್ಬರನ್ನು ಕೂಡಿಕೊಂಡು 1950ರಲ್ಲಿ ಸಾಂಟಾ ಅನಾದ ವಿಮಾನ ನಿಲ್ದಾಣದಲ್ಲಿ ಪಟ್ಟಿಯೊಂದನ್ನು ತೆರೆದರು. 'ಹಾಟ್ ರಾಡ್' ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪುಂಡರೆಂದು ಬೈದು ಮನೆಗೆ ಹೋಗುವುದು ಸುಲಭವಾಗಿತ್ತು. ಅವರು ಜಾಗ ಕೊಟ್ಟರು, ನಿಯಮ ಕೊಟ್ಟರು, ಗಡಿಯಾರ ಕೊಟ್ಟರು. ಫ್ರೀಮಾಂಟಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಅಚ್ಚರಿಯಾಗಬಹುದು, ನಿಮ್ಮ ಊರಿನಲ್ಲಿಯೇ ಅಂಥದೊಂದು ಪಟ್ಟಿ 1988ರವರೆಗೆ ಇತ್ತು.

ಮೊಮ್ಮಗನ ಬಗ್ಗೆ ನನಗೂ ತಕರಾರು ಇರಲಿಲ್ಲವೆಂದಲ್ಲ, ಇತ್ತು. ಆದರೆ ಭಾವಮೈದನ ತಕರಾರು ಅಲ್ಲ. ಹೊರಡುವುದಕ್ಕೆ ಮೂರು ವಾರಗಳ ಮುಂಚೆಯೇ ಅವನು ಕೊಳ್ಳಬೇಕಾದ ವಸ್ತುಗಳ ಪಟ್ಟಿ ಮಾಡಿದ್ದ. ಹಿಡಿತದ ವಿಶೇಷ ಟಯರು, ಗಾಳಿ ಎಳೆಯುವ ಹೊಸ ಕೊಳವೆ, ಹೊಗೆ ಬಿಡುವ ಹೊಸ ಕೊಳವೆ, ಗೇರಿನ ಹೊಸ ಹಿಡಿ. ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ಈ ಪಟ್ಟಿಯನ್ನು ಬೇರೆ ರೂಪದಲ್ಲಿ ಬಹಳ ಸಲ ನೋಡಿದ್ದೇನೆ. ಎಸ್ಸೆಸ್ಸೆಲ್ಸಿಗೆ ಎರಡು ತಿಂಗಳಿರುವಾಗ ನಾಲ್ಕು ಬಗೆಯ ಗೈಡು, ಹೊಸ ಜಾಮಿಟ್ರಿ ಪೆಟ್ಟಿಗೆ, ಮೇಜಿನ ದೀಪ ಎಲ್ಲವನ್ನೂ ಕೊಂಡು, ಪುಸ್ತಕವನ್ನು ಮಾತ್ರ ತೆರೆಯದವರು ನಿಮ್ಮಲ್ಲಿಯೇ ಇದ್ದಿರಿ. ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. "ಇರುವ ಕಾರನ್ನು ಇರುವ ಹಾಗೆಯೇ ಒಯ್ಯಿ. ಮೊದಲು ನಿನಗೆ ಎಷ್ಟು ಬರುತ್ತದೆ ಅಂತ ನೋಡು" ಎಂದೆ. "ಅಜ್ಜ, ನಿಮಗೆ ಕಾರಿನ ವಿಷಯ ಏನು ಗೊತ್ತು?" ಎಂದ. ಗೊತ್ತಿರಲಿಲ್ಲ. ಆದುದರಿಂದ ಅವನ ಕೈಪಿಡಿಯನ್ನೂ ಆ ಸಂಸ್ಥೆಯ ನಿಯಮಗಳನ್ನೂ ಕುಳಿತು ಓದಿದೆ. ನಿವೃತ್ತನಿಗೆ ಹೊತ್ತಿಗೇನು ಬರ.

ಓದಿದ ಮೇಲೆ ತಿಳಿದದ್ದು, ಸಿದ್ಧತೆಯ ಬಹುಪಾಲಿಗೆ ಕಾಸು ಬೇಡ ಎಂಬುದು. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ನೀರು ನೋಡುವುದು. ಎಲ್ಲಿಯೂ ಸೋರದಿರುವುದನ್ನು ಖಾತ್ರಿ ಮಾಡಿಕೊಳ್ಳುವುದು. ಪಟ್ಟಿಯ ಮೇಲೆ ಒಬ್ಬನ ಕಾರು ತೈಲ ಚೆಲ್ಲಿದರೆ ಅದನ್ನು ಒರೆಸುವವರೆಗೆ ಎಲ್ಲರ ಸಂಜೆಯೂ ನಿಲ್ಲುತ್ತದೆ, ಹಿಂದೆ ಬರುವವನ ಪ್ರಾಣಕ್ಕೂ ಕುತ್ತು. ಚಕ್ರದ ನಟ್ಟುಗಳನ್ನು ಸರಿಯಾದ ಬಿಗಿತಕ್ಕೆ ತಿರುಗಿಸುವುದು. ಕಾರಿನೊಳಗೆ ಉರುಳಬಲ್ಲ ಎಲ್ಲವನ್ನೂ ತೆಗೆಯುವುದು. ಚಾಲಕನ ಕಾಲ ಕೆಳಗಿನ ಮ್ಯಾಟ್ ಸರಿದು ಪೆಡಲಿನಡಿ ಸಿಕ್ಕಿಕೊಂಡರೆ 460 ಕುದುರೆಗಳನ್ನು ನಿಲ್ಲಿಸುವವರು ಯಾರು? ಉದ್ದ ಪ್ಯಾಂಟು, ಮುಚ್ಚಿದ ಬೂಟು, ತೋಳಿರುವ ಅಂಗಿ, ಹೆಲ್ಮೆಟ್ಟು. ಕಾಲು ಮೈಲಿಯನ್ನು 13.99 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಸುವ ಕಾರಿಗೆ ಹೆಲ್ಮೆಟ್ ಕಡ್ಡಾಯವೆಂದು ನಿಯಮವಿದೆ. "ನಾನು ಮೊದಲ ದಿನವೇ ಅಷ್ಟು ವೇಗ ಹೋಗುವುದಿಲ್ಲ ಬಿಡಿ" ಎಂದವನಿಗೆ, ಹೆಲ್ಮೆಟ್ ಇಲ್ಲದೆ ನಾನು ಕಾರು ಹತ್ತುವುದಿಲ್ಲವೆಂದೆ.

ಅಂದು ಅಲ್ಲಿನ ತಪಾಸಣೆಯವನು ಕಾರನ್ನು ನೋಡಿದ ಬಗೆಯನ್ನು ಭಾವಮೈದ ನೋಡಬೇಕಿತ್ತು. ಬ್ಯಾಟರಿಯನ್ನು ಅಲುಗಿಸಿ ನೋಡಿದ, ಟಯರು ಮುಟ್ಟಿದ, ಸೀಟು ಬೆಲ್ಟ್ ಎಳೆದ. ಡಿಕ್ಕಿಯಲ್ಲಿ ಅಜ್ಜಿ ಕಟ್ಟಿಕೊಟ್ಟಿದ್ದ ಕೊಬ್ಬರಿ ಮಿಠಾಯಿಯ ಡಬ್ಬಿ ಸಿಕ್ಕಿತು; ನಯವಾಗಿ ಹೊರಗಿಡಿಸಿದ. ಮುಂದಿನ ಗಾಜಿನ ಬಳಿ ಅಂಟಿಸಿದ್ದ ಪುಟ್ಟ ಗಣಪತಿಯನ್ನು ಒಮ್ಮೆ ಜಗ್ಗಿ, ಗಟ್ಟಿಯಾಗಿದ್ದಾನೆಂದು ಬಿಟ್ಟ. ನಮ್ಮಲ್ಲಿ ವಾಹನದ ಅರ್ಹತಾ ಪತ್ರ ವಾಹನವನ್ನು ನೋಡದೆಯೇ ಕೈಗೆ ಬಂದ ಕಥೆಗಳನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ.

ಇನ್ನು ಓಟದ ವಿಚಾರ. ಸಾಲಿನಲ್ಲಿ ಮುಂದೆ ಹೋದಂತೆ ನೀರು ಹಾಕಿದ ಜಾಗವೊಂದು ಬರುತ್ತದೆ. ಓಟದ ನುಣುಪು ಟಯರಿನವರು ಅಲ್ಲಿ ಚಕ್ರ ಗಿರ್ರೆನಿಸಿ ಹೊಗೆಯೆಬ್ಬಿಸಿ ಟಯರು ಕಾಯಿಸುತ್ತಾರೆ. ರಸ್ತೆಯ ಟಯರಿನವನು ಆ ನೀರನ್ನು ಬಳಸಿಕೊಂಡು ಪಕ್ಕದಿಂದ ಹೋಗಬೇಕು. ಏಕೆಂದರೆ ಅವನ ಟಯರಿನ ಗೀರುಗಳು ನೀರನ್ನು ಹೊತ್ತು ಹೊರಡುವ ಗೆರೆಯವರೆಗೂ ತರುತ್ತವೆ. ತಾನೂ ಜಾರುತ್ತಾನೆ, ಹಿಂದಿನವನನ್ನೂ ಜಾರಿಸುತ್ತಾನೆ. ಹೊಗೆಯೆಬ್ಬಿಸುವ ಆಸೆ ಮೊಮ್ಮಗನಿಗೆ ಬಹಳ ಇತ್ತು. ಪಕ್ಕದಿಂದ ಹೋದ.

ಮುಂದೆ ದೀಪಗಳ ಕಂಬ. 1963ರಲ್ಲಿ ಬಂದ ಈ ಕಂಬಕ್ಕೆ ಕ್ರಿಸ್ಮಸ್ ಟ್ರೀ ಎಂದೇ ಹೆಸರು. ಕಾರಿನ ಮುಂದಿನ ಚಕ್ರ ಬೆಳಕಿನ ಎರಡು ಕಿರಣಗಳನ್ನು ಒಂದಾದ ಮೇಲೊಂದು ಮುಟ್ಟಬೇಕು. ಅಂಗುಲ ಅಂಗುಲವಾಗಿ ಸರಿಯಬೇಕು. ಆಮೇಲೆ ಹಳದಿ ದೀಪ ಮೂರು, ಅರ್ಧ ಸೆಕೆಂಡಿಗೊಂದರಂತೆ, ಬಳಿಕ ಹಸಿರು. ಅವಸರಪಟ್ಟು ಹಸಿರಿಗೆ ಮುನ್ನ ಹೊರಟವನಿಗೆ ಕೆಂಪು. ನನಗೆ ಬಹಳ ಹಿಡಿಸಿದ ಸಂಗತಿ ಇದು: ಓಟದ ಸಮಯವನ್ನು ಅಳೆಯುವ ಗಡಿಯಾರ ಆರಂಭವಾಗುವುದು ದೀಪ ಹಸಿರಾದಾಗ ಅಲ್ಲ, ನಿಮ್ಮ ಚಕ್ರ ಆ ಕಿರಣವನ್ನು ದಾಟಿದಾಗ. ತಡವಾಗಿ ಹೊರಟರೂ ನಿಮ್ಮ ಸಮಯ ಕೆಡುವುದಿಲ್ಲ. ಪ್ರತಿಕ್ರಿಯೆಯ ಹೊತ್ತನ್ನು ಬೇರೆಯೇ ಬರೆದುಕೊಡುತ್ತಾರೆ. ಹೊಸಬನು ಪಕ್ಕದವನನ್ನು ಮರೆತು ಒಂದು ಉಸಿರೆಳೆದು ಹೊರಡಬಹುದು. ಅವಸರಪಡದ ವಿದ್ಯಾರ್ಥಿಗೆ ಅಂಕ ಕಳೆಯದ ಪರೀಕ್ಷೆಯನ್ನು ನಾನಂತೂ ಬೇರೆಲ್ಲಿಯೂ ಕಂಡಿಲ್ಲ.

ಮೊದಲ ಓಟದಲ್ಲಿ ಅವನು ಎಂಜಿನ್ನನ್ನು ಅಬ್ಬರಿಸಿ ಕ್ಲಚ್ಚಿನಿಂದ ಕಾಲನ್ನು ಒಮ್ಮೆಲೇ ತೆಗೆದ. ಹಿಂದಿನ ಚಕ್ರಗಳು ನಿಂತಲ್ಲಿಯೇ ಸುತ್ತಿದವು, ಹಿಂಭಾಗ ಕುಣಿಯಿತು, ಪಕ್ಕದ ಸಾಲಿನ ಹಳೆಯ ಹೋಂಡಾ ಸದ್ದಿಲ್ಲದೆ ಮುಂದೆ ಹೋಯಿತು. ಕೈಗೆ ಬಂದ ಚೀಟಿಯಲ್ಲಿ 14.6 ಸೆಕೆಂಡು, ಮೊದಲ ಅರವತ್ತು ಅಡಿಗೇ 2.7. ಆ ಚೀಟಿಯನ್ನು ಓದಲು ಕಲಿಯುವುದೇ ಒಂದು ಪಾಠ. ಕೊನೆಯಲ್ಲಿ ಬರೆದ ವೇಗ, ಅಂದು ಗಂಟೆಗೆ 106 ಮೈಲಿ, ಹೆಚ್ಚಾಗಿ ಎಂಜಿನ್ನಿನ ಬಲವನ್ನು ಹೇಳುತ್ತದೆ. ಒಟ್ಟು ಸಮಯ, ಅದರಲ್ಲಿಯೂ ಮೊದಲ ಅರವತ್ತು ಅಡಿಯ ಸಮಯ, ಓಡಿಸಿದವನನ್ನು ಹೇಳುತ್ತದೆ. ವೇಗ ಚೆನ್ನಾಗಿದ್ದು ಸಮಯ ಕೆಟ್ಟಿದ್ದರೆ ಕಾರಿಗೆ ಬೈಯಲು ಎಡೆಯಿಲ್ಲ. ನಾನು ಚೀಟಿಯನ್ನು ಓದಿ ಅವನ ಮುಖ ನೋಡಿದೆ. ಟಯರಿನ ಮಾತು ಅವನು ಎತ್ತಲಿಲ್ಲ.

ನಡುವೆ ಬಾನೆಟ್ ತೆರೆದು ಕಾರನ್ನು ಆರಲು ಬಿಟ್ಟ. ಅಂದು ನಾಲ್ಕು ಸಲ ಓಡಿಸಿದ. ಎಂಜಿನ್ನಿನ ಅಬ್ಬರ ಇಳಿಸಿ, ಕ್ಲಚ್ಚನ್ನು ಹದವಾಗಿ ಜಾರಿಸಿ ಹಿಡಿತ ಸಿಕ್ಕ ಬಳಿಕವೇ ಪೂರ್ತಿ ಬಿಟ್ಟ. ಗೇರಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಂಡದೆ ಅಂಗೈಯಿಂದ ತಳ್ಳಿದ. ಇದು ಸಣ್ಣ ಮಾತಲ್ಲ. ಮೂರರಿಂದ ನಾಲ್ಕಕ್ಕೆ ನೇರ ಹಿಂದಕ್ಕೆ ಎಳೆಯುವ ಬದಲು ಆವೇಶದಲ್ಲಿ ತನ್ನ ಕಡೆಗೆ ಎಳೆದುಕೊಂಡರೆ ಅದು ಎರಡಕ್ಕೆ ಬೀಳುತ್ತದೆ. ಆಗ ಚಕ್ರಗಳೇ ಎಂಜಿನ್ನನ್ನು ಅದರ ಮಿತಿಯಾಚೆಗೆ ತಿರುಗಿಸುತ್ತವೆ. ಇಂಧನವನ್ನು ತಡೆದು ವೇಗವನ್ನು ಮಿತಿಗೊಳಿಸುವ ಯಾವ ಉಪಕರಣವೂ ಅದನ್ನು ಉಳಿಸಲಾರದು. ನಾಲ್ಕನೆಯ ಚೀಟಿ: ಅರವತ್ತು ಅಡಿಗೆ 2.3, ಒಟ್ಟು 13.6. ಕಾರು ಅದೇ, ಟಯರು ಅದೇ. ಹೆಲ್ಮೆಟ್ ತಲೆಯ ಮೇಲಿತ್ತು.

ಗೆರೆ ದಾಟಿದ ಮೇಲೆಯೂ ಶಿಸ್ತು ಮುಗಿಯುವುದಿಲ್ಲ. ಬ್ರೇಕನ್ನು ಒಮ್ಮೆಲೇ ಅದುಮಬಾರದು. ಹೊರಹೋಗುವ ದಾರಿಗೆ ಹತ್ತಿರವಿರುವ ಸಾಲಿನವನು ಮೊದಲು ತಿರುಗಬೇಕು, ಇನ್ನೊಬ್ಬ ಅವನ ಹಿಂದೆ. ಸೋತವನೂ ಗೆದ್ದವನೂ ಒಂದೇ ದಾರಿಯಲ್ಲಿ ನಿಧಾನವಾಗಿ ಹಿಂತಿರುಗುತ್ತಾರೆ.

ಈಗ ಭಾವಮೈದನಿಗೆ ಬರುತ್ತೇನೆ. ಇದೇ ಪಂಕ್ತಿಯಲ್ಲಿ, ಸಾರು ಬಡಿಸುವಾಗ, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನಾಲ್ಕು ಗಂಟೆಯಲ್ಲಿ ಬಂದೆನೆಂದು ಹೆಮ್ಮೆಯಿಂದ ಹೇಳಿದವನು ಅವನೇ. ಸುಮಾರು ಮುನ್ನೂರು ಕಿಲೋಮೀಟರು. ದಾರಿಯಲ್ಲಿ ಶಾಲೆಗಳಿವೆ, ಸಂತೆಗಳಿವೆ, ರಸ್ತೆಯ ಮೇಲೆ ರಾಗಿ ಒಣಗಿಸುವವರಿದ್ದಾರೆ. ಹೆಲ್ಮೆಟ್ಟಿನ ಮಾತಿರಲಿ, ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿದವರು ಯಾರು? ಅದಕ್ಕೆ ಪಂಕ್ತಿಯವರು "ಭಲೇ" ಎಂದರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಆ ವೇಗ ಭಲೇ, ಮೊಮ್ಮಗನ ವೇಗ ಪುಂಡಾಟ. ಇದು ಯಾವ ನ್ಯಾಯ?

ಪಟ್ಟಿಯಲ್ಲಿ ಸಾವಿಲ್ಲವೆಂದು ನಾನು ಹೇಳುತ್ತಿಲ್ಲ. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟ ಎಂಬ ಅನುಭವಿ ಓಟಗಾರ ಅರ್ಹತಾ ಸುತ್ತಿನಲ್ಲಿ ತೀರಿಕೊಂಡ. ಅದು ನೈಟ್ರೋ ಇಂಧನದ ಓಟದ ಯಂತ್ರ, ಮನೆಯ ಕಾರಲ್ಲ. ಆದರೆ ಮುಂದಾದದ್ದನ್ನು ನೋಡಿ. ಕೆಲವೇ ವಾರಗಳಲ್ಲಿ ಆ ಬಗೆಯ ಅತಿವೇಗದ ಯಂತ್ರಗಳ ಓಟವನ್ನು 1320 ಅಡಿಯಿಂದ ಸಾವಿರ ಅಡಿಗೆ ಇಳಿಸಿದರು, ನಿಲ್ಲುವುದಕ್ಕೆ ಹೆಚ್ಚು ಜಾಗ ಸಿಗಲೆಂದು. ಐವತ್ತು ವರ್ಷಗಳಿಗೂ ಹೆಚ್ಚಿನ ಸಂಪ್ರದಾಯವನ್ನು ಒಂದು ಸಾವಿಗಾಗಿ ಮುರಿದರು.

1996ರಲ್ಲಿ ನಮ್ಮ ಶಾಲೆಯಿಂದ ಹಿಂದಿನ ವರ್ಷವಷ್ಟೇ ಹೊರಬಿದ್ದಿದ್ದ ಹುಡುಗನೊಬ್ಬ ತೀರಿಕೊಂಡದ್ದು ನಿಮ್ಮಲ್ಲಿ ಆ ತಂಡದವರಿಗೆ ನೆನಪಿದೆ. ಹೆಸರು ಬರೆಯುವುದಿಲ್ಲ, ಅವನ ತಾಯಿ ಇನ್ನೂ ಇದ್ದಾರೆ. ಭಾನುವಾರ ಬೆಳಗಿನ ಜಾವ, ರೈಲ್ವೆ ಗೇಟಿನಿಂದ ಸೇತುವೆಯವರೆಗೆ, ಎರಡು ಬೈಕು, ಐವತ್ತು ರೂಪಾಯಿಯ ಪಂದ್ಯ. ಎದುರಿಗೆ ದೀಪವಿಲ್ಲದ ಟ್ರ್ಯಾಕ್ಟರ್. ಪಂದ್ಯದ ವಿಷಯ ನನಗೆ ಹಿಂದಿನ ಸಂಜೆಯೇ ಗೊತ್ತಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಹುಡುಗರು ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿದ್ದು, "ಪುಂಡರು ಕಣ್ರೋ ನೀವು" ಎಂದು ಗದರಿಸಿ, ಕಾಫಿ ಮುಗಿಸಿ ಮನೆಗೆ ಬಂದೆ. ಗದರಿಸಿದ್ದರಿಂದ ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಶವಯಾತ್ರೆಯಲ್ಲಿ ಎಲ್ಲರೂ ಈಗಿನ ಕಾಲದ ಹುಡುಗರನ್ನು ಬೈದರು. ಆ ರಸ್ತೆಯಲ್ಲಿ ಮುಂದಿನ ಭಾನುವಾರ ಏನೂ ಬದಲಾಗಿರಲಿಲ್ಲ. ನನ್ನ ಜಿಲ್ಲೆಯಲ್ಲಿ ಇಂದಿಗೂ ಒಬ್ಬ ಹುಡುಗ ಹಣ ಕೊಟ್ಟು, ತಪಾಸಣೆಗೆ ಒಳಪಟ್ಟು, ಆಂಬುಲೆನ್ಸ್ ನಿಂತಿರುವ ಜಾಗದಲ್ಲಿ ತನ್ನ ವೇಗವನ್ನು ತಾನೇ ಅಳೆದುಕೊಳ್ಳಬಲ್ಲ ಪಟ್ಟಿಯಿಲ್ಲ. ಆದುದರಿಂದ ಮೊಮ್ಮಗ ಕೇಳಿದಾಗ ನಾನು ಗದರಿಸಲಿಲ್ಲ, ಜೊತೆಗೆ ಹೋದೆ. ಹಾಳು ಮಾಡುವುದೆಂದರೆ ಇದಾದರೆ, ಆಗಲಿ.

ಒಂದು ಮಾತು ಉಳಿದಿದೆ. ಭಾವಮೈದನ ಮೊಮ್ಮಗನೂ ಡಲ್ಲಾಸಿನಲ್ಲಿ ಇಂಥದೇ ಕಾರು ಕೊಂಡಿದ್ದಾನೆ. ಅಲ್ಲಿಗೆ ಸಮೀಪದ ಎನ್ನಿಸ್ ಊರಿನಲ್ಲಿ 1986ರಲ್ಲಿ ತೆರೆದ ಟೆಕ್ಸಾಸ್ ಮೋಟರ್‌ಪ್ಲೆಕ್ಸ್ ಎಂಬ ಕಾಂಕ್ರೀಟಿನ ಪಟ್ಟಿಯಿದೆ. ಮೊದಲ ಸಲ ಹೋಗುವಾಗ ಏನೇನು ನೋಡಿಕೊಳ್ಳಬೇಕೆಂದು ಎರಡು ವಾರದ ಹಿಂದೆ ಫೋನು ಮಾಡಿ ಕೇಳಿದ, ತನ್ನ ಅಜ್ಜನಿಗೆ ಹೇಳಬಾರದೆಂದು ಆಣೆ ಹಾಕಿಸಿ. ನಾನು ಆಣೆ ಹಾಕುವುದಿಲ್ಲವೆಂದೆ. ಹೆಲ್ಮೆಟ್ಟು, ಬೂಟು, ಮ್ಯಾಟು, ನಟ್ಟು, ಬೆಲ್ಟು ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಭಾವಮೈದ ಇದನ್ನು ಓದುತ್ತಾನೆಂದು ಬಲ್ಲೆ. ಓದಲಿ, ಹುಡುಗ ಹೊರಡುವ ದಿನ ಅವನಿಗೆ ಒಂದು ಫೋನನ್ನೂ ಮಾಡಲಿ.