ಬೆಳ್ಳಾರೆಯ ಖಜಾನೆ, ಡೇಸಿಯದ ಚಿನ್ನ

ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತನದಲ್ಲಿ 1837ರ ಮಾರ್ಚ್ ಕೊನೆಯಲ್ಲಿ ರೈತರ ಪಡೆಯೊಂದು ಬೆಳ್ಳಾರೆಯ ಸರಕಾರಿ ಖಜಾನೆಯನ್ನು ವಶಪಡಿಸಿಕೊಂಡುದನ್ನು ಅಮರಸುಳ್ಯ ದಂಗೆಯ ಮೊದಲ ಗೆಲುವೆಂದು ಚರಿತ್ರೆಯಲ್ಲಿ ದಾಖಲಿಸಲಾಗಿದೆ. ಆದರೆ ಆ ಪಡೆ ಕೋಟೆಯನ್ನಾಗಲಿ ಕಚೇರಿಯನ್ನಾಗಲಿ ಬಿಟ್ಟು ಖಜಾನೆಗೇ ಏಕೆ ಮೊದಲು ಕೈಯಿಟ್ಟಿತೆಂಬುದು ಇನ್ನಷ್ಟು ವಿಚಾರಿಸಬೇಕಾದ ಸಂಗತಿ. ಅಮರಸುಳ್ಯ ಮಾಗಣೆ, ಅಂದರೆ ಹಲವು ಗ್ರಾಮಗಳು ಕೂಡಿದ ಕಂದಾಯದ ವಿಭಾಗ, ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ ಇಲ್ಲಿನ ಒಕ್ಕಲು ಬೆಳೆದ ಧಾನ್ಯದಲ್ಲೇ ತೆರಿಗೆ ಸಲ್ಲಿಸುವ ವಾಡಿಕೆಯಿತ್ತು. 1834ರಲ್ಲಿ ಆ ವಂಶದ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪನಿ ಸರಕಾರ ಈ ಮಾಗಣೆಯನ್ನು ಕೊಡಗಿನಿಂದ ಕಡಿದು ಕೆನರಾ ಜಿಲ್ಲೆಗೆ ಸೇರಿಸಿ, ನಗದಿನಲ್ಲಿ ಕಂದಾಯ ಕೇಳತೊಡಗಿತು. ಜತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಕಂಪನಿಯ ಏಕಸ್ವಾಮ್ಯವೂ ಬಂತು. ಭತ್ತವನ್ನು ಮಾರಿ ರೂಪಾಯಿ ಮಾಡಿಕೊಳ್ಳಬೇಕಾದ ಒಕ್ಕಲಿಗೆ ಪರರಾಜ್ಯವೆಂಬುದು ಕಣ್ಣಿಗೆ ಕಂಡದ್ದು ಬಾವುಟದಲ್ಲಲ್ಲ, ಆ ಖಜಾನೆಯಲ್ಲಿ.

ಇದೇ ಬಗೆಯ ಹಣದ ಜಾಡು ಹಿಡಿದು ಹೋದರೆ, ಇಂದಿನ ರುಮೇನಿಯದ ಗುಡ್ಡಗಾಡಿನಲ್ಲಿ ನೆಲೆಸಿದ್ದ ಡೇಸಿಯನ್ ಜನರೂ ರೋಮನರೂ ಮೊದಲ ಮತ್ತು ಎರಡನೆಯ ಶತಮಾನಗಳಲ್ಲಿ ನಡೆಸಿದ ಯುದ್ಧಗಳ ಒಳಮರ್ಮವೂ ತಿಳಿಯುತ್ತದೆ. ಡೇಸಿಯದ ಅರಸ ಡೆಸೆಬಾಲಸ್ ಕ್ರಿ.ಶ. 89ರಲ್ಲಿ ಚಕ್ರವರ್ತಿ ಡೊಮಿಷಿಯನ್‌ನೊಡನೆ ಮಾಡಿಕೊಂಡ ಒಪ್ಪಂದದಂತೆ ರೋಮ್ ಅವನಿಗೆ ವರ್ಷಂಪ್ರತಿ ಹಣವನ್ನೂ ಕುಶಲ ಕಟ್ಟಡಗಾರರನ್ನೂ ಒದಗಿಸಿತು. ರೋಮನರಿಂದ ಬಂದ ನೆರವಿನಿಂದಲೇ ಅವರ ವಿರುದ್ಧ ಕೋಟೆಗಳು ಬಲಗೊಂಡವು. ಈ ಅವಮಾನವನ್ನು ಸಹಿಸದ ಮುಂದಿನ ಚಕ್ರವರ್ತಿಗಳಲ್ಲೊಬ್ಬನಾದ ಟ್ರೇಜನ್ 101–102 ಮತ್ತು 105–106ರಲ್ಲಿ ಎರಡು ಬಾರಿ ದಂಡೆತ್ತಿ ಹೋಗಿ, ಎರಡನೆಯ ಯುದ್ಧಕ್ಕೆಂದು ದಮಾಸ್ಕಸ್‌ನ ಶಿಲ್ಪಿ ಅಪೊಲೊಡೋರಸ್‌ನಿಂದ ಡ್ಯಾನ್ಯೂಬ್ ನದಿಗೆ ಸೇತುವೆ ಕಟ್ಟಿಸಿ, ರಾಜಧಾನಿ ಸರ್ಮಿಜೆಗೆಟೂಸವನ್ನು ಗೆದ್ದನು. ಡೆಸೆಬಾಲಸ್ ಬೇರೊಂದು ನದಿಯ ಪಾತ್ರವನ್ನೇ ತಿರುಗಿಸಿ ಅದರಡಿ ನಿಧಿ ಹೂಳಿಸಿ, ಮತ್ತೆ ನೀರು ಹರಿಯಬಿಟ್ಟಿದ್ದನೆಂದೂ, ಅವನ ಆಪ್ತನೊಬ್ಬ ಸೆರೆಸಿಕ್ಕು ಆ ಜಾಗ ತೋರಿಸಿಕೊಟ್ಟನೆಂದೂ ಕ್ಯಾಸಿಯಸ್ ಡಿಯೊ ಎಂಬ ಇತಿಹಾಸಕಾರ ಬರೆದಿದ್ದಾನೆ. ಚಿನ್ನದ ಗಣಿಗಳಂತೆಯೇ ಉಪ್ಪಿನ ಗಣಿಗಳೂ ರೋಮನರ ಪಾಲಾದವು. ಗೆದ್ದವರು ಮೊದಲು ಉಪ್ಪಿನ ಮೇಲೆ ಕೈಯಿಡುವ ಚಾಳಿ ಕಂಪನಿಯವರು ಹುಟ್ಟಿಸಿದ್ದಲ್ಲವೆಂದಾಯಿತು.

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಡೇಸಿಯನ್ನರಿಗೆ ಅರಸನಿದ್ದ, ಕೋಟೆಗಳಿದ್ದವು, ರೋಮನ್ ಸೇನಾಪತಿಯೊಬ್ಬನನ್ನು ಸೈನ್ಯಸಮೇತ ನಾಶಮಾಡಿದ ಅನುಭವವಿತ್ತು. ಅಮರಸುಳ್ಯದವರಿಗಾದರೋ ಇದ್ದೊಬ್ಬ ಅರಸ ಮೂರು ವರ್ಷ ಹಿಂದೆಯೇ ದೂರವಾಗಿದ್ದುದರಿಂದ ಅರಸನನ್ನೇ ಹೊಸದಾಗಿ ಕಲ್ಪಿಸಿಕೊಳ್ಳಬೇಕಾಯಿತು. ಪುಟ್ಟಬಸಪ್ಪನೆಂಬ ರೈತಾಪಿ ಮನುಷ್ಯ ಹಾಲೇರಿ ವಂಶದ ಕಲ್ಯಾಣಸ್ವಾಮಿಯಾಗಿ ಮುಂದೆ ನಿಂತದ್ದನ್ನು ಕೆಲವರು ವೇಷವೆಂದು ಹಳಿಯುತ್ತಾರೆ. ಆದರೆ ತೆರಿಗೆ ಮನ್ನಾ ಮಾಡುವ ಮಾತಿಗೆ ಅರಸನ ಬಾಯಿ ಬೇಕೆಂಬ ಆ ಕಾಲದ ನಂಬಿಕೆಯನ್ನು ಬಲ್ಲವರಿಗೆ ಅದು ಮೋಸವಾಗಿ ತೋರದು. ಆ ಪಡೆ ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಧ್ವಜವನ್ನು ಹಾರಿಸಿ, ಎರಡು ವಾರದಷ್ಟು ಊರನ್ನು ಆಳಿತು. ಬಳಿಕ ಹೊರಗಿನಿಂದ ಬಂದ ಕಂಪನಿ ಸೈನ್ಯದೆದುರು ಚದುರಿತು. ದಂಗೆಯ ಮುಂದಾಳುಗಳಲ್ಲಿ ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಡೆಸೆಬಾಲಸ್ ಸೆರೆಯಾಗುವ ಮುನ್ನ ತನ್ನ ಕತ್ತನ್ನು ತಾನೇ ಕೊಯ್ದುಕೊಂಡಿದ್ದನು. ಅವನ ತಲೆಯನ್ನು ರೋಮಿಗೆ ಒಯ್ಯಲಾಯಿತು.

ಎರಡೂ ನಾಡುಗಳ ಹೋರಾಟದ ಕಥೆ ಗೆದ್ದವರ ಕೈಯಿಂದಲೇ ಬಂದಿದೆ. 113ರಲ್ಲಿ ರೋಮಿನಲ್ಲಿ ನಿಲ್ಲಿಸಿದ ಸುಮಾರು 30 ಮೀಟರ್ ಎತ್ತರದ ಟ್ರೇಜನ್ ಸ್ತಂಭದಲ್ಲಿ ಬಳ್ಳಿಯಂತೆ ಸುತ್ತಿಕೊಂಡ ಡೇಸಿಯದ ಯುದ್ಧಗಳ ಕೆತ್ತನೆಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಆಕೃತಿಗಳಿವೆ. ಡೇಸಿಯನ್ನರು ತಾವೇ ಬರೆದ ಚರಿತ್ರೆ ಒಂದೂ ಉಳಿದಿಲ್ಲ, ಅವರ ಭಾಷೆಯೂ ಗ್ರೀಕ್ ಮತ್ತು ಲ್ಯಾಟಿನ್ ವೈದ್ಯಗ್ರಂಥಗಳಲ್ಲಿ ಸಿಕ್ಕಿಕೊಂಡ ಗಿಡಮೂಲಿಕೆಗಳ ಹೆಸರುಗಳಂಥವುಗಳಲ್ಲಿ ಅಷ್ಟಿಷ್ಟು ಉಸಿರಾಡುತ್ತಿದೆ. ಸುಳ್ಯ ಸೀಮೆಯಲ್ಲಿ ಹಾನಿ ಬೇರೊಂದು ದಾರಿಯಿಂದ ಆಯಿತು. ಇಲ್ಲಿ ಭಾಷೆ ಉಳಿಯಿತು, ಆದರೆ ಅದೇ ಭಾಷೆಯಲ್ಲಿ ದಂಗೆಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ, ಲೂಟಿ ಮತ್ತು ಪುಂಡಾಟಿಕೆಯ ಅರ್ಥ ಬೆರೆತ ಹೆಸರು ಅಂಟಿಕೊಂಡು, ಹೋರಾಡಿದವರ ಊರುಗಳಲ್ಲೇ ಬಹುಕಾಲ ಚಲಾವಣೆಯಲ್ಲಿತ್ತು. ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರ ನವೆಂಬರ್‌ನಲ್ಲಿ. ದಂಗೆಯನ್ನು ಹತ್ತಿಕ್ಕಲು ನೆರವಾದವರಿಗಾದರೋ ಕಂಪನಿ ಸರಕಾರ ಚಿನ್ನದಲ್ಲೂ ಬೆಳ್ಳಿಯಲ್ಲೂ ಪದಕಗಳನ್ನು ಹೊಡೆಸಿ ಹಂಚಿ ಮುಗಿಸಿತ್ತು. ಕತ್ತಿ ಎತ್ತಿ ನಿಂತ ಕೊಡಗಿನ ಯೋಧನ ಚಿತ್ರವಿರುವ ಆ ಪದಕದ ಮೇಲಿನ ಬರಹದಲ್ಲಿ ಇಂಗ್ಲಿಷಿನ ಜತೆಗೆ ಕನ್ನಡವೂ ಇದೆ.